ಕಣ್ಣಿನ ಕೆಳಗಿನ ಸುಕ್ಕಿಗೆ ಲೇಸರ್: 6 ತಿಂಗಳು, 26 ಜೋಡಿ ಫೋಟೋ

ಎಡಗಣ್ಣಿನ ಕೆಳಗೆ ಏಳು ಗೆರೆ. ಬಲಗಣ್ಣಿನ ಕೆಳಗೆ ನಾಲ್ಕು. ಲೇಸರ್ ಮಾಡಿಸಿಕೊಳ್ಳುವ ಹಿಂದಿನ ದಿನ ಕಿಟಕಿ ಪಕ್ಕ ನಿಂತು ಎಣಿಸಿ ಬರೆದಿಟ್ಟೆ.

ಎಡಕ್ಕೆ ಯಾಕೆ ಜಾಸ್ತಿ ಅಂದರೆ, ನಾನು ಫೋಟೋ ತೆಗೆಯುವವಳು. 22 ವರ್ಷದಿಂದ ಇದೇ ಕೆಲಸ. ಬಲಗಣ್ಣನ್ನು ಕ್ಯಾಮೆರಾಗೆ ಒತ್ತಿ ಹಿಡಿದಾಗ ಎಡಗಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ದಿನಕ್ಕೆ ನೂರಾರು ಸಲ. ಅದರ ಜೊತೆಗೆ ಬಿಸಿಲು. ಕಪ್ಪು ಕನ್ನಡಕ ಹಾಕಿದರೆ ಬಣ್ಣ ಸರಿಯಾಗಿ ತಿಳಿಯುವುದಿಲ್ಲ ಅಂತ ಹೊರಗಿನ ಶೂಟ್‌ಗಳಲ್ಲಿ ಇಷ್ಟು ವರ್ಷ ಹಾಕಲೇ ಇಲ್ಲ. ಈಗ ನನಗೆ 48.

"ಈ ವಯಸ್ಸಿಗೆ ಸುಕ್ಕು ಬರದೆ ಇನ್ನೇನು ಬರುತ್ತೆ?" ಅಂತ ಅಕ್ಕ ಕೇಳಿದಳು. ನಿಜ. ಬೇರೆಯವರ ಮುಖದ ಗೆರೆಗಳನ್ನು ನಾನು ಪ್ರೀತಿಯಿಂದ ತೆಗೆದಿದ್ದೇನೆ, ಕಂಪ್ಯೂಟರ್‌ನಲ್ಲಿ ಅಳಿಸಿಲ್ಲ. ಆದರೆ ಎಂಟು ಗಂಟೆ ನಿದ್ದೆ ಮಾಡಿ ಬಂದ ದಿನವೂ "ಯಾಕೆ, ತುಂಬಾ ಸುಸ್ತಾ?" ಅಂತ ಕೇಳಿಸಿಕೊಳ್ಳುವುದು ಬೇಜಾರಾಗುತ್ತದೆ. ನನ್ನ ಮುಖ, ನನ್ನ ಆಸೆ. ಅದಕ್ಕೆ ಯಾರ ಒಪ್ಪಿಗೆಯೂ ಬೇಕು ಅನ್ನಿಸಲಿಲ್ಲ.

ಏನಾಯಿತು ಅಂತ ಮೊದಲೇ ಹೇಳಿಬಿಡುತ್ತೇನೆ. ಮಾಡಿಸಿದ್ದು ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್, ಅಂದರೆ ಚರ್ಮಕ್ಕೆ ಚುಕ್ಕೆ ಚುಕ್ಕೆಯಾಗಿ ಬಿಡುವಂಥದ್ದು. ಒಂದೇ ಸಲ, ಎರಡೂ ಕಣ್ಣಿನ ಕೆಳಗೆ. ಮುಖ ಸುಮ್ಮನಿದ್ದಾಗ ಕಾಣುವ ಸಣ್ಣ ಗೆರೆಗಳು ಚೆನ್ನಾಗಿ ಕಡಿಮೆಯಾದವು. ನಗುವಾಗ ಮೂಡುವ ಗೆರೆಗಳು ಹೆಚ್ಚುಕಡಿಮೆ ಹಾಗೇ ಇವೆ. ಕಣ್ಣಿನ ಕೆಳಗಿನ ಗುಳಿ ಒಂದಿಷ್ಟೂ ಬದಲಾಗಿಲ್ಲ. ನಡುವೆ ಒಂದು ಕಂದು ಕಲೆ ಬಂದು ಮೂರು ತಿಂಗಳು ಕಾಡಿತು. ಇಷ್ಟೂ ಹೀಗೇ ಆಗಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಅದಕ್ಕೇ ನನಗೆ ತೃಪ್ತಿ ಇದೆ.

ಆದರೆ ಆ ಡಾಕ್ಟರ್ ನನಗೆ ಸಿಕ್ಕಿದ್ದು ಎರಡನೇ ಪ್ರಯತ್ನದಲ್ಲಿ.

ಮೊದಲು ಹೋದ ಕ್ಲಿನಿಕ್‌ನಲ್ಲಿ ನನ್ನನ್ನು ಕೂರಿಸಿ ಮಾತಾಡಿದವರು ಡಾಕ್ಟರ್ ಅಲ್ಲ. ಒಳ್ಳೆಯ ಹುಡುಗಿ, ನಗುನಗುತ್ತಾ ಮಾತಾಡಿದಳು. ಯಾವ ಲೇಸರ್ ಅಂತ ಕೇಳಿದೆ. "ಲೇಟೆಸ್ಟ್ ಮೆಷಿನ್ ಮೇಡಂ" ಅಂದಳು. ನನ್ನದು ಕಂದು ಚರ್ಮ, ಕಲೆ ಬೀಳುವುದಿಲ್ಲವಾ ಅಂದೆ. "ಎಲ್ಲ ಸ್ಕಿನ್‌ಗೂ ಸೇಫ್" ಅಂದಳು. ಕಣ್ಣಿಗೆ ಏನು ರಕ್ಷಣೆ ಅಂದಾಗ ಮೇಲಿನಿಂದ ಇಡುವ ಚಿಕ್ಕ ಗಾಗಲ್ಸ್ ತೋರಿಸಿದಳು. ಅದನ್ನು ಇಟ್ಟರೆ ನನ್ನ ಗೆರೆಗಳೇ ಅದರ ಅಡಿಗೆ ಹೋಗುತ್ತಿದ್ದವು. ಹಾಗಾದರೆ ಲೇಸರ್ ಎಲ್ಲಿಗೆ ಬಿಡುತ್ತಾರೆ? ಅದಕ್ಕೆ ಉತ್ತರ ಬರಲಿಲ್ಲ. "ಇವತ್ತು ಮಧ್ಯಾಹ್ನ ಸ್ಲಾಟ್ ಖಾಲಿ ಇದೆ, ಮಾಡಿಬಿಡೋಣ" ಅಂದಳು. ಆಮೇಲೆ ಒಂದು ಫೈಲ್ ತೆರೆದು ಮೊದಲು ಮತ್ತು ಆಮೇಲಿನ ಫೋಟೋಗಳನ್ನು ತೋರಿಸಿದಳು.

ಈ ಫೋಟೋಗಳ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳಬೇಕು. ಲೇಸರ್ ಬಗ್ಗೆ ನನಗೆ ಹೊಸದಾಗಿ ಗೊತ್ತಾಗಿದ್ದು ಎಷ್ಟೋ ಇದೆ. ಆದರೆ ಬೆಳಕು ನನ್ನ ಹೊಟ್ಟೆಪಾಡು.

ಕಣ್ಣಿನ ಸುಕ್ಕು ಅಂದರೆ ಚರ್ಮದ ಮೇಲಿನ ಸಣ್ಣ ಏರು ಮತ್ತು ತಗ್ಗು. ತಗ್ಗಿನಲ್ಲಿ ನೆರಳು ಬಿದ್ದರೆ ಮಾತ್ರ ಅದು ಫೋಟೋದಲ್ಲಿ ಕಾಣುತ್ತದೆ. ದೀಪ ತಲೆಯ ಮೇಲೆ ಅಥವಾ ಪಕ್ಕದಲ್ಲಿದ್ದರೆ ನೆರಳು ಉದ್ದ, ಗೆರೆ ಆಳ. ದೀಪ ನೇರ ಮುಂದೆ ಇದ್ದರೆ ನೆರಳೇ ಇಲ್ಲ, ಗೆರೆಯೂ ಇಲ್ಲ. ಅದೇ ಮುಖ, ಅದೇ ನಿಮಿಷ. ಹತ್ತು ವರ್ಷ ಕಮ್ಮಿ ಮಾಡಲು ನನಗೆ ಲೇಸರ್ ಬೇಡ, ದೀಪದ ಸ್ಟ್ಯಾಂಡ್ ಎರಡು ಅಡಿ ಸರಿಸಿದರೆ ಸಾಕು.

ನೀವು ಇಂಥ ಫೋಟೋ ನೋಡುವಾಗ ಮೊದಲು ಕಣ್ಣಿನ ಕಪ್ಪು ಗುಡ್ಡೆಯೊಳಗಿನ ಬಿಳಿ ಚುಕ್ಕೆ ನೋಡಿ. ಅದು ದೀಪದ ಪ್ರತಿಬಿಂಬ. ಮೊದಲ ಫೋಟೋದಲ್ಲಿ ಚುಕ್ಕೆ ಮೇಲ್ಗಡೆ ಚಿಕ್ಕದಾಗಿದ್ದು, ಎರಡನೆಯದರಲ್ಲಿ ನಡುವೆ ಬಳೆಯಂತೆ ದುಂಡಗಿದ್ದರೆ ಬೆಳಕು ಬದಲಾಗಿದೆ ಅಂತ ಅರ್ಥ. ಆ ಎರಡನ್ನು ಹೋಲಿಸಿ ಪ್ರಯೋಜನ ಇಲ್ಲ. ಆಮೇಲೆ ಮೂಗಿನ ಕೆಳಗಿನ ನೆರಳು ನೋಡಿ. ಉದ್ದ ಒಂದೇ ಇದೆಯಾ? ಗದ್ದ ಒಂದೇ ಎತ್ತರದಲ್ಲಿದೆಯಾ? ಮೊದಲನೆಯದರಲ್ಲಿ ನಕ್ಕು, ಎರಡನೆಯದರಲ್ಲಿ ಸುಮ್ಮನಿದ್ದಾರಾ? ರೆಪ್ಪೆಗೆ ಮಸ್ಕರಾ ಬಂದಿದೆಯಾ? ಮೈಬಣ್ಣ ಎರಡರಲ್ಲೂ ಒಂದೇ ಥರ ಬಂದಿದೆಯಾ? ಆ ಫೈಲ್‌ನಲ್ಲಿದ್ದ ಒಂಬತ್ತು ಜೋಡಿಗಳಲ್ಲಿ ಒಂದೇ ಬೆಳಕಿನಲ್ಲಿ ತೆಗೆದದ್ದು ಎರಡು ಮಾತ್ರ. ಆ ಎರಡರಲ್ಲೂ ಬದಲಾವಣೆ ಇತ್ತು, ಆದರೆ ಸ್ವಲ್ಪ. ಉಳಿದ ಏಳು ಜೋಡಿ ನೋಡಿ ಆಸೆ ಪಟ್ಟು ಕೈ ಸುಟ್ಟುಕೊಂಡವರು ಎಷ್ಟು ಜನವೋ ಅಂತ ಯೋಚಿಸಿ ಸಂಕಟವಾಯಿತು. ಯೋಚಿಸಿ ಹೇಳುತ್ತೇನೆ ಅಂತ ಎದ್ದು ಬಂದೆ.

ಎರಡನೇ ಡಾಕ್ಟರ್ ಚರ್ಮದ ಡಾಕ್ಟರ್. ಅವರೇ ಬಂದು ಎದುರು ಕೂತರು. ಮೊದಲ ಹತ್ತು ನಿಮಿಷ ಲೇಸರ್ ಅನ್ನುವ ಪದವೇ ಬರಲಿಲ್ಲ, ಬರೀ ಪ್ರಶ್ನೆ. ತುಟಿ ಮೇಲೆ ಆಗಾಗ ನೀರುಗುಳ್ಳೆ ಏಳುತ್ತಾ? ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೊಗೊಂಡಿದ್ದೀರಾ, ಯಾವಾಗ? ಗಾಯ ಆದ ಕಡೆ ಚರ್ಮ ಗಂಟುಗಂಟಾಗಿ ದಪ್ಪ ಬೆಳೆಯುತ್ತಾ? ಸೊಳ್ಳೆ ಕಚ್ಚಿದರೆ, ಮೊಡವೆ ಒಡೆದರೆ ಕಪ್ಪು ಕಲೆ ಎಷ್ಟು ದಿನ ಉಳಿಯುತ್ತೆ? ಕಣ್ಣು ಒಣಗುತ್ತಾ? ರೆಪ್ಪೆಗೆ ಯಾವತ್ತಾದರೂ ಆಪರೇಷನ್ ಆಗಿದೆಯಾ? ಸಿಗರೇಟ್ ಸೇದುತ್ತೀರಾ?

ತುಟಿಯ ಗುಳ್ಳೆ ನನಗೆ ವರ್ಷಕ್ಕೆ ಒಂದೆರಡು ಸಲ ಬರುತ್ತದೆ. ಅದು ಹರ್ಪಿಸ್ ವೈರಸ್‌ನಿಂದ ಬರುವುದು. ಮೈಯಲ್ಲಿ ಅಡಗಿ ಕೂತಿರುತ್ತದೆ. ಲೇಸರ್ ಪೆಟ್ಟಿಗೆ ಎದ್ದು ಬಂದರೆ ಹಸಿ ಚರ್ಮದ ಮೇಲೆ ಹರಡಿ ಗುರುತು ಉಳಿಸಿಬಿಡಬಹುದಂತೆ. ಅದಕ್ಕೇ ಹಿಂದಿನ ದಿನದಿಂದಲೇ ವೈರಸ್‌ಗೆ ಮಾತ್ರೆ ಶುರು ಮಾಡಿಸಿದರು. ಮೊದಲ ಕ್ಲಿನಿಕ್‌ನಲ್ಲಿ ಈ ಪ್ರಶ್ನೆಯನ್ನೇ ಯಾರೂ ಕೇಳಿರಲಿಲ್ಲ.

ಆಮೇಲೆ ಅವರು ಎರಡು ಬೆರಳಿನಿಂದ ನನ್ನ ಕೆಳರೆಪ್ಪೆಯನ್ನು ಮೆಲ್ಲಗೆ ಮುಂದಕ್ಕೆ ಎಳೆದು ಬಿಟ್ಟರು. ಪಟ್ ಅಂತ ವಾಪಸ್ ಹೋಗಿ ಕೂತಿತು. "ಚೆನ್ನಾಗಿದೆ" ಅಂದರು. ಇದು ಯಾಕೆ ಅಂದರೆ, ಲೇಸರ್ ಆದ ಮೇಲೆ ಚರ್ಮ ಸ್ವಲ್ಪ ಬಿಗಿಯುತ್ತದೆ. ರೆಪ್ಪೆ ಮೊದಲೇ ಸಡಿಲ ಇದ್ದರೆ ಆ ಬಿಗಿತಕ್ಕೆ ಕೆಳಗೆ ಜಗ್ಗಿ ಹೊರಕ್ಕೆ ಮಗುಚಿಕೊಳ್ಳಬಹುದು. ಆಗ ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಒಣಗುತ್ತದೆ, ನೀರು ಸುರಿಯುತ್ತದೆ. ಎರಡು ಸೆಕೆಂಡಿನ ಪರೀಕ್ಷೆ. ನಿಮ್ಮ ಡಾಕ್ಟರ್ ಇದನ್ನು ಮಾಡದೆ ಲೇಸರ್ ಮಾತು ಎತ್ತಿದರೆ ದಯವಿಟ್ಟು ಕೇಳಿ.

ಕನ್ನಡಿ ಕೊಟ್ಟು ನಗಿಸಿದರು, ಸುಮ್ಮನಿರಿಸಿದರು, ಮತ್ತೆ ನಗಿಸಿದರು. "ನೀವು ಇಲ್ಲಿ ಒಂದೇ ಸಮಸ್ಯೆ ಅಂದುಕೊಂಡಿದ್ದೀರಿ. ಮೂರಿದೆ" ಅಂದರು. ಸುಮ್ಮನಿದ್ದಾಗಲೂ ಕಾಣುವ, ಕಾಗದ ಮುದುಡಿದಂಥ ಗೆರೆಗಳು ಚರ್ಮದವು. ಬಿಸಿಲು, ವಯಸ್ಸು ಸೇರಿ ಕೊಲಾಜೆನ್, ಅಂದರೆ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಪ್ರೋಟೀನ್, ತೆಳುವಾಗಿದೆ. ಲೇಸರ್ ಕೆಲಸ ಇಲ್ಲಿ. ನಕ್ಕಾಗ ಹೊರಮೂಲೆಯಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಗೆರೆಗಳು ಕಣ್ಣಿನ ಸುತ್ತಲಿನ ಸ್ನಾಯುವಿನವು. ಅದಕ್ಕೆ ಬೊಟಾಕ್ಸ್ ಥರದ ಚುಚ್ಚುಮದ್ದು ಇದೆ, ಲೇಸರ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. ಮೂರನೆಯದು ಕಣ್ಣಿನ ಒಳಮೂಲೆಯಿಂದ ಕೆನ್ನೆಗೆ ಇಳಿಯುವ ಗುಳಿ. ಅದು ಒಳಗಿನ ಕೊಬ್ಬು ಮತ್ತು ಮೂಳೆಯ ಆಕಾರದ ವಿಷಯ. ಅಲ್ಲಿ ಬೀಳುವ ನೆರಳನ್ನು ಲೇಸರ್‌ನಿಂದ ಸುಟ್ಟು ತೆಗೆಯಲು ಆಗುವುದಿಲ್ಲ.

ನಿಜ ಹೇಳಬೇಕೆಂದರೆ ನನಗೆ ಜಾಸ್ತಿ ಬೇಜಾರಿದ್ದದ್ದು ಆ ಗುಳಿಯ ಬಗ್ಗೆಯೇ. ಸುಸ್ತಾದಂತೆ ಕಾಣಿಸುವುದು ಅದರಿಂದ. ಬೇಸರವಾಯಿತು. ಆದರೆ ಮಾಡಿಸಿಕೊಂಡ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗಿದ್ದು ಎಷ್ಟು ಒಳ್ಳೆಯದಾಯಿತು ಅಲ್ವಾ.

ಲೇಸರ್ ಬಗ್ಗೆ ಅವರು ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದದ್ದನ್ನು ಸೇರಿಸಿ ಹೇಳುತ್ತೇನೆ. ಕಾರ್ಬನ್ ಡೈಆಕ್ಸೈಡ್ ಲೇಸರ್ ಹಳೆಯದು. ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನುವ ಸಂಶೋಧನಾಲಯದಲ್ಲಿ ವಿಜ್ಞಾನಿ ಕುಮಾರ್ ಪಟೇಲ್ 1964ರಲ್ಲಿ ಕಂಡುಹಿಡಿದದ್ದು. ಅದರ ಬೆಳಕಿನ ಅಲೆಯುದ್ದ 10,600 ನ್ಯಾನೋಮೀಟರ್, ಕಣ್ಣಿಗೆ ಕಾಣುವುದಿಲ್ಲ. ನೀರು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಚರ್ಮದ ತುಂಬ ನೀರೇ ಇರುವುದರಿಂದ, ಬೆಳಕು ತಾಗಿದ ಜಾಗ ಕ್ಷಣದಲ್ಲಿ ಆವಿಯಾಗುತ್ತದೆ. ಸುತ್ತಲಿನ ಚರ್ಮಕ್ಕೆ ಶಾಖ ಹೋಗುತ್ತದೆ. ಆ ಶಾಖದ ಗಾಯ ಮಾಯುವಾಗ ಹೊಸ ಕೊಲಾಜೆನ್ ಕಟ್ಟುತ್ತದೆ. ಎರ್ಬಿಯಂ ಯಾಗ್ ಅನ್ನುವ ಇನ್ನೊಂದು ಲೇಸರ್ ಇದೆ, 2,940 ನ್ಯಾನೋಮೀಟರ್. ಅದನ್ನು ನೀರು ಇನ್ನೂ ಜಾಸ್ತಿ ಹೀರುತ್ತದೆ. ಹಾಗಾಗಿ ಸುತ್ತಲಿಗೆ ಶಾಖ ಕಮ್ಮಿ, ಮಾಯುವುದು ಬೇಗ, ಬಿಗಿತವೂ ಕಮ್ಮಿ. ಮೇಲ್ಪದರ ತೆಗೆಯದೆ ಒಳಗೆ ಮಾತ್ರ ಬಿಸಿ ಮಾಡುವ 1,550 ನ್ಯಾನೋಮೀಟರ್‌ನ ಲೇಸರ್ ಕೂಡ ಇದೆ. ಅದರಲ್ಲಿ ಮನೆಯಲ್ಲಿ ಕೂರುವ ದಿನ ಕಮ್ಮಿ, ಆದರೆ ಹಲವು ಸಲ ಹೋಗಬೇಕು.

1990ರ ದಶಕದಲ್ಲಿ ಮುಖದ ಮೇಲ್ಪದರವನ್ನು ಪೂರ್ತಿ ತೆಗೆದುಬಿಡುತ್ತಿದ್ದರು. ಸುಕ್ಕು ಚೆನ್ನಾಗಿ ಹೋಗುತ್ತಿತ್ತು. ಆದರೆ ಮುಖ ತಿಂಗಳುಗಟ್ಟಲೆ ಕೆಂಪು. ಕೆಲವರಿಗೆ ಎಷ್ಟೋ ಕಾಲದ ಮೇಲೆ ಚರ್ಮ ಬಿಳಿಚಿಕೊಳ್ಳುತ್ತಿತ್ತು. 2004ರಲ್ಲಿ ಫ್ರಾಕ್ಷನಲ್ ಅನ್ನುವ ಉಪಾಯ ಬಂತು. ನನ್ನ ಕೆಲಸದವರಿಗೆ ಇದು ಬೇಗ ಅರ್ಥವಾಗುತ್ತದೆ. ಪೇಪರ್‌ನಲ್ಲಿ ಅಚ್ಚಾದ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿದರೆ ಬರೀ ಚುಕ್ಕೆಗಳು, ನಡುವೆ ಖಾಲಿ ಕಾಗದ. ಈ ಲೇಸರ್ ಕೂಡ ಹಾಗೇ ಚುಕ್ಕೆ ಚುಕ್ಕೆಯಾಗಿ ಇಳಿಯುತ್ತದೆ. ಚುಕ್ಕೆಗಳ ನಡುವಿನ ಚರ್ಮ ಮುಟ್ಟದೆ ಉಳಿಯುತ್ತದೆ. ಆ ಉಳಿದ ಚರ್ಮದಿಂದಲೇ ಜೀವಕೋಶಗಳು ಪಕ್ಕದ ತೂತಿಗೆ ಹಬ್ಬಿ ಕೆಲವೇ ದಿನದಲ್ಲಿ ಮುಚ್ಚುತ್ತವೆ.

ಚುಕ್ಕೆ ಎಷ್ಟು ಒತ್ತೊತ್ತಾಗಿರಬೇಕು ಅನ್ನುವುದೇ ಕಂದು ಚರ್ಮದವರಿಗೆ ದೊಡ್ಡ ಪ್ರಶ್ನೆ. ಚರ್ಮವನ್ನು ಬಿಸಿಲಿಗೆ ಹೇಗೆ ಕೆಂಪಾಗುತ್ತದೆ, ಕಪ್ಪಾಗುತ್ತದೆ ಅನ್ನುವುದರ ಮೇಲೆ ಆರು ಬಗೆ ಮಾಡಿದ್ದಾರೆ, ಫಿಟ್ಜ್‌ಪ್ಯಾಟ್ರಿಕ್ ಅಳತೆ ಅಂತ. ಒಂದನೆಯದು ತೀರಾ ಬಿಳಿ, ಆರನೆಯದು ತೀರಾ ಕಪ್ಪು. ನನ್ನದು ಐದನೆಯದು. ಈ ಲೇಸರ್ ಬಣ್ಣವನ್ನು ಹುಡುಕಿಕೊಂಡು ಹೋಗುವುದಿಲ್ಲ, ನೀರನ್ನು ಹುಡುಕುತ್ತದೆ. ಆದರೂ ಗಾಯ ಆದ ಕಡೆ ನಮ್ಮ ಚರ್ಮ ಬಣ್ಣವನ್ನು ಜಾಸ್ತಿ ತಯಾರಿಸಿಬಿಡುತ್ತದೆ. ಅದಕ್ಕೆ ಡಾಕ್ಟರ್ ಶಕ್ತಿ ಕಮ್ಮಿ, ಚುಕ್ಕೆ ವಿರಳ ಇಟ್ಟರು. "ಒಂದೇ ಸಲಕ್ಕೆ ಎಲ್ಲ ತೆಗೆಯುವ ಆಸೆ ನಿಮ್ಮ ಚರ್ಮಕ್ಕೆ ಒಳ್ಳೆಯದಲ್ಲ" ಅಂದರು. ಮೊದಲು ಕಿವಿಯ ಮುಂದೆ, ಕೂದಲ ಅಂಚಿನಲ್ಲಿ ಉಗುರಿನಷ್ಟು ಜಾಗಕ್ಕೆ ಪರೀಕ್ಷೆ ಮಾಡಿ ಆರು ವಾರ ಕಾಯಿಸಿದರು. ಆರು ವಾರ ನನಗೆ ತಾಳ್ಮೆ ಇರಲಿಲ್ಲ. ಈಗ ಆ ಆರು ವಾರಕ್ಕೆ ಕೃತಜ್ಞತೆ ಇದೆ.

ಲೇಸರ್ ದಿನ.

ಮರಗಟ್ಟಿಸುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆ ಕೂರಿಸಿದರು. ರೆಪ್ಪೆಗೂದಲ ಹತ್ತಿರ ಹಚ್ಚಲಿಲ್ಲ. ಅದು ಕಣ್ಣೊಳಗೆ ಹೋದರೆ ಕಣ್ಣಿನ ಪಾರದರ್ಶಕ ಪದರಕ್ಕೆ ಪೆಟ್ಟು. ಆಮೇಲೆ ಕಣ್ಣಿನ ಕೆಳಗೆ, ಕೆನ್ನೆ ಮೂಳೆಯ ಹತ್ತಿರ ಎರಡೂ ಕಡೆ ಒಂದೊಂದು ಚುಚ್ಚುಮದ್ದು. ಅಲ್ಲಿ ಒಂದು ನರ ಹೊರಬರುತ್ತದೆ. ಅದನ್ನು ಮಲಗಿಸಿದರೆ ಕೆಳರೆಪ್ಪೆ, ಕೆನ್ನೆ, ಮೇಲ್ತುಟಿ ಎಲ್ಲ ಮರಗಟ್ಟುತ್ತದೆ. ಎರಡು ಗಂಟೆ ನನಗೆ ನೀರು ಕುಡಿಯಲು ಬರಲಿಲ್ಲ, ತುಟಿಯಿಂದ ಸೋರುತ್ತಿತ್ತು.

ನಂತರ ಬಂದದ್ದು ನಾನು ತುಂಬಾ ಹೆದರಿದ್ದ ಘಳಿಗೆ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿದರು, ಸ್ವಲ್ಪ ಉರಿ. ಆಮೇಲೆ ಲೋಹದ ಪುಟ್ಟ ಬಟ್ಟಲು. ಕಾಂಟ್ಯಾಕ್ಟ್ ಲೆನ್ಸ್‌ಗಿಂತ ದೊಡ್ಡದು, ಒಳಗೆ ಜಾರುವ ಮುಲಾಮು ಬಳಿದಿತ್ತು. ಮೇಲೆ ನೋಡಿ ಅಂದರು, ಕೆಳರೆಪ್ಪೆ ಎಳೆದು ಒಳಗೆ ಕೂರಿಸಿದರು. ಕೆಳಗೆ ನೋಡಿ ಅಂದರು, ಮೇಲ್ರೆಪ್ಪೆ ಅದರ ಮೇಲೆ ಬಂತು. ಪೂರ್ತಿ ಕತ್ತಲು. ನೋವಿಲ್ಲ. ಆದರೆ ಕಣ್ಣೊಳಗೆ ಏನೋ ಇದೆ ಅನ್ನುವ ಒತ್ತಡ ಇದೆ. ಲೋಹವೇ ಯಾಕೆ ಅಂದರೆ, ಈ ಲೇಸರ್‌ಗೆ ಪ್ಲಾಸ್ಟಿಕ್ ಕರಗಿಬಿಡಬಹುದು. ಕಣ್ಣೇ ನನ್ನ ಜೀವನ. ಆ ಕತ್ತಲಲ್ಲಿ ಒಂದು ಕ್ಷಣ ಎದ್ದು ಹೋಗಿಬಿಡೋಣ ಅನ್ನಿಸಿತು. ನರ್ಸ್ ನನ್ನ ಕೈ ಹಿಡಿದುಕೊಂಡರು. ಕೊನೆಯವರೆಗೂ ಬಿಡಲಿಲ್ಲ. ಈ ರಿವ್ಯೂನಲ್ಲಿ ನಾನು ಮರೆಯಬಾರದ ಮಾತು ಅದು.

ಲೇಸರ್ ಬಿಟ್ಟದ್ದು ಎರಡೂ ಕಣ್ಣಿಗೆ ಸೇರಿ ಐದಾರು ನಿಮಿಷ. ಟಿಕ್ ಟಿಕ್ ಅನ್ನುವ ಸದ್ದು, ಪ್ರತಿ ಸದ್ದಿಗೂ ರಬ್ಬರ್ ಬ್ಯಾಂಡ್ ಹೊಡೆದಂತೆ ಬಿಸಿ. ಮರಗಟ್ಟಿದ ಕಡೆ ಬರೀ ತಟ್ಟಿದ ಹಾಗೆ. ಹೊರಮೂಲೆಗೆ ಮದ್ದು ಪೂರ್ತಿ ತಲುಪಿರಲಿಲ್ಲ, ಅಲ್ಲಿ ಚುರುಕ್ ಅಂತು. ಕೂದಲು ಸುಟ್ಟ ವಾಸನೆ. ಹೊಗೆ ಎಳೆಯಲು ಪಕ್ಕದಲ್ಲೇ ಒಂದು ಪೈಪ್ ಹಿಡಿದಿದ್ದರು. ಎಲ್ಲರಿಗೂ ಮಾಸ್ಕ್.

ಬಟ್ಟಲು ತೆಗೆದ ಮೇಲೆ ಸುಮಾರು ಹೊತ್ತು ಎಲ್ಲ ಮಂಜು ಮಂಜು. ಒಬ್ಬರೇ ಹೋಗಬೇಡಿ, ಗಾಡಿ ಓಡಿಸಬೇಡಿ. ಅಕ್ಕ ಬಂದಿದ್ದಳು, ಮಾತಿಲ್ಲದೆ ಕೈ ಹಿಡಿದು ಕರೆದುಕೊಂಡು ಹೋದಳು.

ಮೊದಲ ದಿನ ಸಂಜೆ ಬಿಸಿಲಿಗೆ ಸುಟ್ಟಂಥ ಉರಿ, ಮೂರು ಗಂಟೆ. ತಣ್ಣನೆ ಬಟ್ಟೆ ಇಟ್ಟುಕೊಂಡೆ. ಎರಡನೇ ದಿನ ಬೆಳಿಗ್ಗೆ ಎಡಗಣ್ಣು ಅರ್ಧ ಮುಚ್ಚುವಷ್ಟು ಊತ. ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಬೇಕು ಅಂದಿದ್ದರು, ರಾತ್ರಿ ಜಾರಿ ಕೆಳಗೆ ಮಲಗಿದ್ದೆ. ಮೂರನೇ ದಿನ ಊತ ಇಳಿಯಿತು, ಕಂದು ಚುಕ್ಕೆಗಳು ಕಾಣಿಸಿದವು. ಸಾಲು ಸಾಲಾಗಿ, ನಿಜಕ್ಕೂ ಅಚ್ಚಿನ ಚುಕ್ಕೆಗಳ ಹಾಗೆ. ಮುಟ್ಟಿದರೆ ಉಪ್ಪುಕಾಗದ. ದಿನಕ್ಕೆ ನಾಲ್ಕೈದು ಸಲ ಮೆಲ್ಲಗೆ ತೊಳೆದು ತೆಳ್ಳಗೆ ವ್ಯಾಸಲೀನ್ ಹಚ್ಚುವುದೇ ಕೆಲಸ. ನವೆ ಬರುತ್ತದೆ. ಹಕ್ಕಳೆ ಕೀಳಬಾರದು, ಉಜ್ಜಬಾರದು. ಆರನೇ ದಿನ ಮುಖ ತೊಳೆಯುವಾಗ ಅವು ತಾವಾಗಿಯೇ ಉದುರಿದವು. ಕೆಳಗೆ ಗುಲಾಬಿ ಬಣ್ಣದ ನಯವಾದ ಚರ್ಮ. ಎಂಟನೇ ದಿನ ನಾನು ಕೆಲಸಕ್ಕೆ ವಾಪಸ್, ಸ್ಟುಡಿಯೋ ಒಳಗೆ ಮಾತ್ರ. ಗುಲಾಬಿ ಬಣ್ಣ ಪೂರ್ತಿ ಹೋಗಲು ಐದು ವಾರ ಬೇಕಾಯಿತು.

ಎಂಟನೇ ದಿನದ ಕನ್ನಡಿ ನೋಡಿ ಖುಷಿ ಪಡಬೇಡಿ ಅಂತ ಡಾಕ್ಟರ್ ಹೇಳಿದ್ದರು. ಆಗ ಗೆರೆ ಒಂದೂ ಕಾಣುತ್ತಿರಲಿಲ್ಲ. ಅದು ಊತ. ಚರ್ಮ ಉಬ್ಬಿ ತಗ್ಗು ತುಂಬಿಕೊಂಡಿರುತ್ತದೆ. ಮೂರನೇ ವಾರಕ್ಕೆ ಊತ ಇಳಿದು ಗೆರೆಗಳು ವಾಪಸ್ ಬಂದವು. ಹೇಳಿಸಿಕೊಂಡಿದ್ದರೂ ಆ ವಾರ ಅಳು ಬಂತು. ಇಷ್ಟೆಲ್ಲ ಪಟ್ಟು ಏನೂ ಆಗಲಿಲ್ಲ ಅನ್ನಿಸಿತು. ಹೊಸ ಕೊಲಾಜೆನ್ ಕಟ್ಟುವುದು ಮೂರರಿಂದ ಆರು ತಿಂಗಳ ಮಾತು. ಕ್ಲಿನಿಕ್‌ನವರು ಎರಡನೇ ವಾರದಲ್ಲಿ ತೆಗೆದ ಫೋಟೋ ತೋರಿಸಿದರೆ ಅದನ್ನೂ ಲೆಕ್ಕಕ್ಕೆ ಇಡಬೇಡಿ.

ಇನ್ನು ಕಲೆಯ ವಿಷಯ. ಹದಿನೆಂಟನೇ ದಿನ ಹೊರಗೆ ಒಂದು ಶೂಟ್ ಒಪ್ಪಿಕೊಂಡೆ. ಸನ್‌ಸ್ಕ್ರೀನ್ ಹಚ್ಚಿದ್ದೆ, ಟೋಪಿ ಇತ್ತು. ಆದರೆ ಬಲಗಣ್ಣು ಕ್ಯಾಮೆರಾದ ರಬ್ಬರ್ ಅಂಚಿಗೆ ತಾಗುತ್ತದೆ ಅನ್ನುವುದನ್ನು ನಾನೂ ಯೋಚಿಸಲಿಲ್ಲ, ಡಾಕ್ಟರ್‌ಗೂ ಗೊತ್ತಿರಲಿಲ್ಲ. ನಾಲ್ಕು ಗಂಟೆ ಆ ಅಂಚು ಸನ್‌ಸ್ಕ್ರೀನ್ ಒರೆಸುತ್ತಾ, ಹೊಸ ಚರ್ಮ ಉಜ್ಜುತ್ತಾ ಇತ್ತು. ಹತ್ತು ದಿನ ಬಿಟ್ಟು ಅಲ್ಲೇ, ಅದೇ ಬಾಗಿದ ಆಕಾರದಲ್ಲಿ ಕಂದು ಕಲೆ ಎದ್ದಿತು. ಗೆರೆ ಕಮ್ಮಿ ಇದ್ದ ಕಣ್ಣಿಗೆ.

ಫೋನ್ ಮಾಡಿದ ಮರುದಿನವೇ ಡಾಕ್ಟರ್ ನೋಡಿದರು. ಬೈಯಲಿಲ್ಲ. ಹೋಗುತ್ತೆ, ನಿಧಾನ ಅಂದರು. ರಾತ್ರಿಗೆ ಕಲೆಯ ಕ್ರೀಮ್ ಬರೆದುಕೊಟ್ಟರು, ಸನ್‌ಸ್ಕ್ರೀನ್ ಬದಲಾಯಿಸಿದರು. ಹೊಸದು ಬಣ್ಣ ಇರುವಂಥದ್ದು, ಅದರಲ್ಲಿ ಐರನ್ ಆಕ್ಸೈಡ್ ಇರುತ್ತದೆ. ನಮ್ಮಂಥ ಚರ್ಮವನ್ನು ಕಣ್ಣಿಗೆ ಕಾಣುವ ಬೆಳಕೂ ಕಪ್ಪಾಗಿಸುತ್ತದೆ, ಬರೀ ಅಲ್ಟ್ರಾವಯಲೆಟ್ ತಡೆದರೆ ಸಾಲದು ಅಂತ ನನಗೆ ಆವತ್ತೇ ಗೊತ್ತಾದದ್ದು. ಇಷ್ಟು ವರ್ಷ ಬೆಳಕಿನ ಜೊತೆ ಬದುಕಿದ್ದೇನೆ, ಇದು ಗೊತ್ತಿರಲಿಲ್ಲ. ಬಲಗಣ್ಣಿನ ಕಲೆ ಮೂರು ತಿಂಗಳಲ್ಲಿ ಮಾಸಿತು. ನಿಮ್ಮ ಕೆಲಸದಲ್ಲಿ ಮುಖಕ್ಕೆ ಏನಾದರೂ ತಾಗುತ್ತದಾ ಅಂತ ಮೊದಲೇ ಡಾಕ್ಟರ್‌ಗೆ ಹೇಳಿ. ಹೆಲ್ಮೆಟ್, ಕನ್ನಡಕದ ಫ್ರೇಮ್, ಸೂಕ್ಷ್ಮದರ್ಶಕ, ಏನೇ ಇರಲಿ.

ವಾರಕ್ಕೊಂದು ಜೋಡಿ ಫೋಟೋ, 26 ವಾರ. ಅದೇ ಕಿಟಕಿ ಬೆಳಕಾದರೆ ಮೋಡಕ್ಕೆ ಬದಲಾಗುತ್ತದೆ ಅಂತ ಸ್ಟುಡಿಯೋದಲ್ಲಿ ಒಂದೇ ದೀಪ, ಎಡಕ್ಕೆ 45 ಡಿಗ್ರಿ, ನೆಲದ ಮೇಲೆ ಟೇಪ್ ಅಂಟಿಸಿ ಗುರುತು. ಸುಮ್ಮನಿದ್ದು ಒಂದು, ನಕ್ಕು ಒಂದು. ಮೇಕಪ್ ಇಲ್ಲ. ಎಂಟನೇ ವಾರದವರೆಗೆ ಹೇಳಿಕೊಳ್ಳುವಂಥದ್ದು ಇಲ್ಲ. ಹನ್ನೊಂದು, ಹನ್ನೆರಡನೇ ವಾರದಿಂದ ನೆರಳು ತೆಳುವಾಗುತ್ತಾ ಬಂತು. ಇಪ್ಪತ್ತನೇ ವಾರದ ಹೊತ್ತಿಗೆ ಎಡಗಣ್ಣಿನ ಏಳರಲ್ಲಿ ಮೂರು ಹುಡುಕಿದರೂ ಸಿಗಲಿಲ್ಲ. ಎರಡು ಇವೆ, ಆದರೆ ದಾರದಂತೆ ತೆಳು. ಉಳಿದ ಎರಡು ಆಳದವು ಸ್ವಲ್ಪ ಮಾತ್ರ ಕಮ್ಮಿಯಾಗಿವೆ. ಬಲಗಣ್ಣಿನಲ್ಲಿ ನಾಲ್ಕು ಇದ್ದದ್ದು ಎರಡಾಯಿತು. ಚರ್ಮ ಒಟ್ಟಾರೆ ನಯವಾಗಿದೆ, ಗೆರೆಗಿಂತ ಅದೇ ನನಗೆ ಜಾಸ್ತಿ ಖುಷಿ ಕೊಟ್ಟದ್ದು. ನಕ್ಕ ಫೋಟೋಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಮೊದಲಿನದು ಅಂತ ಅಕ್ಕನಿಗೆ ಹೇಳಲು ಆಗಲಿಲ್ಲ.

ಯಾರಿಗೆ ಹೇಳುತ್ತೇನೆ, ಯಾರಿಗೆ ಬೇಡ ಅನ್ನುತ್ತೇನೆ? ಕಣ್ಣಿನ ಕೆಳಗೆ ಕಪ್ಪು ಅಂತ ಹೋಗುವವರು ಮೊದಲು ಅದು ಬಣ್ಣವಾ, ರಕ್ತನಾಳಗಳ ನೀಲಿಯಾ, ಗುಳಿಯ ನೆರಳಾ ಅಂತ ಕೇಳಿ. ಮೂರಕ್ಕೂ ಮದ್ದು ಬೇರೆ. ಚೀಲದಂತೆ ಉಬ್ಬಿದ್ದರೆ ಅದು ಬೇರೆ ದಾರಿ. ಒಂದು ವಾರ ಮನೆಯಲ್ಲಿ, ಮೂರು ತಿಂಗಳು ಬಿಸಿಲು ತಪ್ಪಿಸಿ ಇರಲು ಆಗದವರು ಈಗ ಬೇಡ. ಒಂದು ಸಮಾರಂಭ ಹತ್ತಿರ ಬಂದಿದೆ ಅಂತ ಹೋಗುವವರಿಗೆ ಖಂಡಿತ ಬೇಡ. ಸುಮ್ಮನಿದ್ದಾಗ ಕಾಣುವ ಸಣ್ಣ ಗೆರೆಗಳು, ಬಿಸಿಲಿಗೆ ಒಣಗಿದಂಥ ಚರ್ಮ, ಆರು ತಿಂಗಳ ತಾಳ್ಮೆ, ಇಷ್ಟು ಇದ್ದರೆ ಹೋಗಿ ಮಾತಾಡಿ. ಡಾಕ್ಟರ್ ನಿಮ್ಮಂಥ ಬಣ್ಣದ ಚರ್ಮಕ್ಕೆ ಎಷ್ಟು ಮಾಡಿದ್ದಾರೆ ಅಂತ ಕೇಳಿ. ಪರೀಕ್ಷೆ ಜಾಗ ಮಾಡಿ ಅಂತ ಕೇಳಿ. ಕಣ್ಣಿನ ಬಟ್ಟಲು ತೋರಿಸಿ ಅಂತ ಕೇಳಿ.

ಆರನೇ ತಿಂಗಳಿಗೆ ಹೋದಾಗ ಇನ್ನೊಂದು ಸಲ ಮಾಡಬಹುದು, ಆತುರ ಇಲ್ಲ ಅಂದರು. ಬಲಗಣ್ಣಿಗೆ ಬೇಡ ಅಂದೆ. ಎಡಗಣ್ಣಿನ ಆ ಎರಡು ಆಳದ ಗೆರೆಗೆ, ಹೊರಗಿನ ಶೂಟ್ ಇಲ್ಲದ ಎರಡು ತಿಂಗಳು ಸಿಕ್ಕಾಗ ಬರುತ್ತೇನೆ ಅಂದೆ. ಅಷ್ಟರಲ್ಲಿ ಎರಡೂ ಕಣ್ಣು ತೆರೆದೇ ಕ್ಯಾಮೆರಾ ನೋಡುವುದನ್ನು ಕಲಿಯುತ್ತಿದ್ದೇನೆ. ಎರಡು ವಾರ ಚಿತ್ರ ಎರಡೆರಡಾಗಿ ಕಾಣುತ್ತಿತ್ತು. ಈಗ ಕೂಡಿಕೊಳ್ಳುತ್ತಿದೆ.